ಕಣ, ಕಣಜ, ಹಗೇವು: ಸೂಪರ್‌ಕಂಪ್ಯೂಟರುಗಳ ಸಾಮಾನ್ಯ ಕಡತಸಂಗ್ರಹವನ್ನು ಕುರಿತು

ಸೂಪರ್‌ಕಂಪ್ಯೂಟರುಗಳನ್ನು ಕುರಿತ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ವೇಗವನ್ನೇ ಕೇಂದ್ರವಾಗಿ ಇರಿಸಿಕೊಂಡಿದೆ. ವರ್ಷಕ್ಕೆ ಎರಡು ಬಾರಿ ಪ್ರಕಟವಾಗುವ ಜಗತ್ತಿನ ಐನೂರು ಯಂತ್ರಗಳ ಪಟ್ಟಿಯಲ್ಲಿ ಯಾವ ದೇಶದ ಯಂತ್ರ ಎಷ್ಟನೆಯ ಸ್ಥಾನದಲ್ಲಿದೆ ಎಂಬುದು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ ಆ ಯಂತ್ರ ಲೆಕ್ಕ ಹಾಕಿ ಪಡೆದ ಫಲ ಎಲ್ಲಿ ಉಳಿಯುತ್ತದೆ, ಯಾರ ವಶದಲ್ಲಿ ಉಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗಳು ಚರ್ಚೆಯ ಅಂಚಿನಲ್ಲಿಯೇ ಇವೆ. ಸಂಶೋಧನೆಯ ದೃಷ್ಟಿಯಿಂದ ಈ ಪ್ರಶ್ನೆಗಳು ವೇಗದ ಪ್ರಶ್ನೆಗಿಂತ ಕಡಿಮೆ ಮಹತ್ವದವಲ್ಲ.

ಈ ವಿಷಯವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಮೊದಲು ಎದುರಾಗುವುದು ಪರಿಭಾಷೆಯ ತೊಡಕು. ಕಂಪ್ಯೂಟರಿನಲ್ಲಿ ದತ್ತಾಂಶವನ್ನು ಇಡುವ ಎಲ್ಲ ಬಗೆಯ ಏರ್ಪಾಡುಗಳಿಗೂ ‘ಸಂಗ್ರಹ’ ಅಥವಾ ‘ಭಂಡಾರ’ ಎಂಬ ಪದವನ್ನೇ ಬಳಸುವುದು ರೂಢಿಯಾಗಿದೆ. ಇಟ್ಟದ್ದು ಉಳಿಯುತ್ತದೆ ಎಂಬ ಭರವಸೆ ಈ ಪದಗಳ ಅರ್ಥದಲ್ಲಿಯೇ ಅಡಗಿದೆ. ಕನ್ನಡದ ಒಕ್ಕಲುತನದ ಪರಿಭಾಷೆ ಈ ವಿಷಯದಲ್ಲಿ ಹೆಚ್ಚು ಖಚಿತವಾದುದು. ತೆನೆಯನ್ನು ಒಕ್ಕುವ ಸ್ಥಳ ಕಣ. ವರ್ಷದ ಬಳಕೆಗೆ ಧಾನ್ಯವನ್ನು ತುಂಬಿಡುವುದು ಕಣಜ. ಬರಗಾಲಕ್ಕೆಂದು ನೆಲದೊಳಗೆ ತೋಡಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಿಡುವುದು ಹಗೇವು. ಮೂರರಲ್ಲಿಯೂ ಇರುವುದು ಅದೇ ಧಾನ್ಯವಾದರೂ ಮೂರರ ಕೆಲಸ, ಕಾಲಾವಧಿ ಮತ್ತು ಕಾವಲು ಬೇರೆ ಬೇರೆ. ಸೂಪರ್‌ಕಂಪ್ಯೂಟರುಗಳ ನಡುವಣ ಸಾಮಾನ್ಯ ಕಡತಸಂಗ್ರಹ ವಾಸ್ತವವಾಗಿ ಕಣ. ಅದನ್ನು ಹಗೇವೆಂದು ಭಾವಿಸಿರುವುದೇ ಅನೇಕ ನಷ್ಟಗಳಿಗೆ ಕಾರಣವಾಗಿದೆ. ಈ ಮಾತನ್ನು ಸಮರ್ಥಿಸಲು ಕೆಲವು ನಿದರ್ಶನಗಳನ್ನು ಪರಿಶೀಲಿಸಬಹುದು.

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿರುವ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಅನುಭವ ಇಲ್ಲಿ ಮುಖ್ಯವಾದುದು. ಮೊದಲು ಅಲ್ಲಿಯೂ ಇತರ ಕೇಂದ್ರಗಳಂತೆ ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ಡಿಸ್ಕುಗಳ ಸಮೂಹವಿರುತ್ತಿತ್ತು. ದೊಡ್ಡ ಯಂತ್ರದಲ್ಲಿ ಲೆಕ್ಕ ಮಾಡಿದವರು ಅದರ ಫಲವನ್ನು ವಿಶ್ಲೇಷಿಸಲು, ಚಿತ್ರರೂಪದಲ್ಲಿ ನೋಡಲು ಮತ್ತೊಂದು ಯಂತ್ರಕ್ಕೆ ಹೋಗಬೇಕಾದಾಗ ಇಡೀ ದತ್ತಾಂಶವನ್ನು ನಕಲು ಮಾಡಿ ಸಾಗಿಸಬೇಕಾಗುತ್ತಿತ್ತು. ಒಂದೇ ಕಡತದ ಎರಡು ಮೂರು ಪ್ರತಿಗಳು ಬೇರೆ ಬೇರೆ ಕಡೆ ಉಳಿದು, ಯಾವುದು ಇತ್ತೀಚಿನದು ಎಂಬ ಗೊಂದಲಕ್ಕೆ ಆಸ್ಪದವಾಗುತ್ತಿತ್ತು. ದೊಡ್ಡ ಯಂತ್ರ ದುರಸ್ತಿಗೆ ನಿಂತರೆ ಅದರೊಳಗಿನ ದತ್ತಾಂಶವೂ ಕೈಗೆ ಸಿಗುತ್ತಿರಲಿಲ್ಲ.

ಇದಕ್ಕೆ ಪರಿಹಾರವಾಗಿ ರೂಪುಗೊಂಡದ್ದು ‘ಸ್ಪೈಡರ್’ ಎಂಬ ಸಾಮಾನ್ಯ ಕಡತವ್ಯವಸ್ಥೆ. ಅದರಲ್ಲಿ ತಲಾ ಒಂದು ಟೆರಾಬೈಟಿನ 13,440 ಡಿಸ್ಕುಗಳಿದ್ದವು. ಬಳಕೆಗೆ ದೊರೆತ ಸ್ಥಳ ಸುಮಾರು 10 ಪೆಟಾಬೈಟು, ಅಂದರೆ ಒಂದು ಕೋಟಿ ಗಿಗಾಬೈಟು. ಓದುಬರಹದ ವೇಗ ಸೆಕೆಂಡಿಗೆ 240 ಗಿಗಾಬೈಟು. 2009ರ ನವೆಂಬರ್ ಪಟ್ಟಿಯಲ್ಲಿ ಜಗತ್ತಿನ ಮೊದಲ ಸ್ಥಾನ ಪಡೆದ ‘ಜಾಗ್ವಾರ್’ ಯಂತ್ರವೂ, ವಿಶ್ಲೇಷಣೆಗೆಂದೇ ಇದ್ದ ‘ಲೆನ್ಸ್’ ಎಂಬ ಚಿಕ್ಕ ಯಂತ್ರಸಮೂಹವೂ ಇದೇ ಸಂಗ್ರಹವನ್ನು ಬಳಸಿದವು. ಒಂದು ಯಂತ್ರ ಬರೆದುದನ್ನು ಮತ್ತೊಂದು ಯಂತ್ರ ಇದ್ದಲ್ಲಿಯೇ ಓದುವುದು ಸಾಧ್ಯವಾಯಿತು. ದತ್ತಾಂಶ ಯಂತ್ರಕ್ಕೆ ಅಧೀನವಾಗಿದ್ದ ಸ್ಥಿತಿ ಹೋಗಿ, ಯಂತ್ರಗಳೇ ದತ್ತಾಂಶದ ಸುತ್ತ ನಿಲ್ಲುವ ಸ್ಥಿತಿ ಬಂತು. ಇದು ಸಣ್ಣ ಬದಲಾವಣೆಯಲ್ಲ.

ಇಂತಹ ವ್ಯವಸ್ಥೆಯ ಕಾರ್ಯವಿಧಾನವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ದೊಡ್ಡ ಕಡತವೊಂದನ್ನು ಹಲವು ತುಂಡುಗಳಾಗಿ ಮಾಡಿ ಬೇರೆ ಬೇರೆ ಸರ್ವರುಗಳ ಡಿಸ್ಕುಗಳಲ್ಲಿ ಹಂಚಿ ಇಡಲಾಗುತ್ತದೆ. ಹೀಗಾಗಿ ಸಾವಿರಾರು ಪ್ರೊಸೆಸರುಗಳು ಏಕಕಾಲದಲ್ಲಿ ಬರೆಯಬಹುದು, ಓದಬಹುದು. ಯಾವ ಕಡತದ ಯಾವ ತುಂಡು ಎಲ್ಲಿದೆ, ಅದರ ಹೆಸರೇನು, ಅದನ್ನು ತೆರೆಯುವ ಅಧಿಕಾರ ಯಾರದು ಎಂಬ ವಿವರಗಳನ್ನು ದತ್ತಾಂಶದಿಂದ ಪ್ರತ್ಯೇಕಿಸಿ ನಿರ್ವಹಿಸಲಾಗುತ್ತದೆ. ಸ್ಪೈಡರ್ ಅನುಸರಿಸಿದ ‘ಲಸ್ಟರ್’ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಬೇರೆಯೇ ಸರ್ವರು ಇರುತ್ತದೆ. ಲಸ್ಟರ್ 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬ್ರಾಮ್ ಆರಂಭಿಸಿದ ಸಂಶೋಧನಾ ಯೋಜನೆಯಿಂದ ಬೆಳೆದು ಬಂದುದು. ಇದೇ ಕೆಲಸಕ್ಕೆ ಐಬಿಎಂ ಸಂಸ್ಥೆ ರೂಪಿಸಿದ ‘ಜಿಪಿಎಫ್‌ಎಸ್’ 1998ರಿಂದ ಬಳಕೆಗೆ ಬಂತು. ತುಂಡುಗಳೆಲ್ಲ ಸುರಕ್ಷಿತವಾಗಿದ್ದರೂ ಅವುಗಳ ವಿವರ ಕಳೆದುಹೋದರೆ ಕಡತ ಇದ್ದೂ ಇಲ್ಲದಂತಾಗುತ್ತದೆ. ಹೆಸರೂ ನೆಲೆಯೂ ತಿಳಿಯದ ಓಲೆಗರಿಯ ಬಿಡಿ ಗರಿಗಳೊಡನೆ ಕೆಲಸ ಮಾಡಿದ ಗ್ರಂಥಸಂಪಾದಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂದೇ ಕಟ್ಟಡದ ಯಂತ್ರಗಳನ್ನು ಮೀರಿ, ದೂರದೂರದ ನಗರಗಳ ಯಂತ್ರಗಳಿಗೂ ಸಾಮಾನ್ಯ ಸಂಗ್ರಹವನ್ನು ಒದಗಿಸುವ ಪ್ರಯತ್ನಗಳೂ ನಡೆದವು. ಅಮೆರಿಕದ ‘ಟೆರಾಗ್ರಿಡ್’ ಯೋಜನೆಯಲ್ಲಿ 2005ರ ಹೊತ್ತಿಗೆ ಸ್ಯಾನ್ ಡಿಯೇಗೋ ಸೂಪರ್‌ಕಂಪ್ಯೂಟರ್ ಕೇಂದ್ರದ ಡಿಸ್ಕುಗಳನ್ನು ಬೇರೆ ರಾಜ್ಯಗಳ ಕೇಂದ್ರಗಳು ತಮ್ಮವೇ ಎಂಬಂತೆ ಬಳಸತೊಡಗಿದವು. ಯೂರೋಪಿನಲ್ಲಿ 2004ರಲ್ಲಿ ಆರಂಭವಾದ ‘ಡೈಸಾ’ ಯೋಜನೆ ಜರ್ಮನಿ, ಫ್ರಾನ್ಸ್, ಇಟಲಿ ಮೊದಲಾದ ದೇಶಗಳ ಕೇಂದ್ರಗಳನ್ನು ಇದೇ ರೀತಿ ಜೋಡಿಸಿತು. ತಂತ್ರಜ್ಞಾನದ ದೃಷ್ಟಿಯಿಂದ ಇವು ಯಶಸ್ವಿ ಪ್ರಯೋಗಗಳೇ. ಆದರೆ ಎರಡು ಯೋಜನೆಗಳೂ 2011ರಲ್ಲಿ ಮುಕ್ತಾಯಗೊಂಡವು. ಯೋಜನೆಗೆ ಅಂತ್ಯವಿದೆ, ಅದರಲ್ಲಿ ಹುಟ್ಟಿದ ದತ್ತಾಂಶದ ಪ್ರಯೋಜನಕ್ಕೆ ಅಂತಹ ಗಡುವಿಲ್ಲ. ಯೋಜನೆ ಮುಗಿದ ಮರುದಿನ ಆ ದತ್ತಾಂಶದ ಹೊಣೆ ಯಾರದು ಎಂಬ ಪ್ರಶ್ನೆ ಆಗ ಏಳುತ್ತದೆ.

ಹಂಚಿಕೊಳ್ಳುವುದರಲ್ಲಿ ಲಾಭವಿರುವಂತೆಯೇ ಅಪಾಯವೂ ಇದೆ. ಎಲ್ಲರೂ ಒಂದೇ ಕಡೆ ಇಟ್ಟಾಗ ಒಂದು ಕಡೆಯ ದೋಷ ಎಲ್ಲರ ದೋಷವಾಗುತ್ತದೆ. 2010ರಲ್ಲಿ ಸ್ಪೈಡರ್ ವ್ಯವಸ್ಥೆಯ ಯಂತ್ರಭಾಗದಲ್ಲಿ ಸಂಭವಿಸಿದ ದೋಷದಿಂದ 10 ಲಕ್ಷಕ್ಕೂ ಹೆಚ್ಚು ಕಡತಗಳು ಅಪಾಯಕ್ಕೆ ಸಿಲುಕಿದವು. ಎರಡು ವಾರಕ್ಕೂ ಹೆಚ್ಚು ಕಾಲ ಶ್ರಮಿಸಿದ ಬಳಿಕ ಅವುಗಳಲ್ಲಿ ಸುಮಾರು ಶೇಕಡಾ 95ರಷ್ಟನ್ನು ಮರಳಿ ಪಡೆಯಲಾಯಿತು. ಒಬ್ಬ ಬಳಕೆದಾರ ಲಕ್ಷಾಂತರ ಸಣ್ಣ ಕಡತಗಳನ್ನು ಒಮ್ಮೆಲೇ ತೆರೆದರೆ ಉಳಿದವರ ಕೆಲಸವೂ ನಿಧಾನವಾಗುವ ತೊಂದರೆ ಇಂತಹ ವ್ಯವಸ್ಥೆಗಳಲ್ಲಿ ಸಾಮಾನ್ಯ. ಮುಂದೆ ಬಂದ, 32 ಪೆಟಾಬೈಟಿನ ಎರಡನೆಯ ಸ್ಪೈಡರನ್ನು ಒಂದೇ ಹೆಸರಿನಡಿ ಇಡದೆ ಎರಡು ಭಾಗಗಳಾಗಿ ವಿಂಗಡಿಸಲಾಯಿತು. ಒಂದು ಭಾಗ ಕೆಟ್ಟರೂ ಮತ್ತೊಂದು ನಡೆಯಲಿ ಎಂಬುದು ಇದರ ಆಶಯ. ಸಾಮಾನ್ಯ ಎನ್ನುವುದಕ್ಕೂ ಒಂದೇ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಆ ಕೇಂದ್ರ ಅನುಭವದಿಂದ ಕಂಡುಕೊಂಡಿತು.

ಇಷ್ಟಾದರೂ ಇವೆಲ್ಲ ಕಣದ ವ್ಯವಹಾರಗಳೇ. ಸುಗ್ಗಿಯ ಕಾಲದಲ್ಲಿ ಹಲವು ಮನೆಗಳವರು ಒಂದೇ ಕಣದಲ್ಲಿ ಸರದಿಯ ಮೇಲೆ ತೆನೆ ಹಾಕಿ, ಒಕ್ಕಿ, ತೂರಿ, ರಾಶಿ ಮಾಡುತ್ತಾರೆ. ರಾಶಿಯಾದ ಮೇಲೆ ಕಣವನ್ನು ತೆರವು ಮಾಡಿಕೊಡುವುದು ಅಲ್ಲಿಯ ಮೊದಲ ನಿಯಮ. ಸೂಪರ್‌ಕಂಪ್ಯೂಟರುಗಳ ಸಾಮಾನ್ಯ ಸಂಗ್ರಹದಲ್ಲಿಯೂ ಇದೇ ನಿಯಮವಿದೆ. ಓಕ್ ರಿಜ್ ಕೇಂದ್ರದ ‘ಆಲ್ಪೈನ್’ ಎಂಬ 250 ಪೆಟಾಬೈಟಿನ ಸಂಗ್ರಹದಲ್ಲಿ 90 ದಿನ ಬಳಸದೆ ಬಿಟ್ಟ ಕಡತಗಳನ್ನು ಅಳಿಸುವ ಪದ್ಧತಿಯಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ನರ್ಸ್ಕ್ ಕೇಂದ್ರದ ತಾತ್ಕಾಲಿಕ ಸಂಗ್ರಹದಲ್ಲಿ ಈ ಅವಧಿ 8 ವಾರ. 2018ರಲ್ಲಿ ‘ಸಮಿಟ್’ ಯಂತ್ರದೊಡನೆ ಬಳಕೆಗೆ ಬಂದ ಆಲ್ಪೈನ್, 2024ರ ಆರಂಭದಲ್ಲಿ ನಿವೃತ್ತವಾಯಿತು. ಅದಕ್ಕೆ ಮೊದಲೇ ಎಲ್ಲ ಬಳಕೆದಾರರಿಗೂ ದತ್ತಾಂಶವನ್ನು ಬೇರೆಡೆಗೆ ಸಾಗಿಸಿಕೊಳ್ಳಲು ಸೂಚನೆ ನೀಡಲಾಗಿತ್ತು. ಸಾಗಿಸದೆ ಉಳಿದದ್ದು ಅಳಿದುಹೋಯಿತು. ಇದರಲ್ಲಿ ಕೇಂದ್ರದ ತಪ್ಪೇನೂ ಇಲ್ಲ. ಅದು ಕಣವೆಂದು ಹೇಳಿಯೇ ಕೊಟ್ಟ ಸ್ಥಳ.

ನರ್ಸ್ಕ್ ಕೇಂದ್ರ ಈ ಭೇದವನ್ನು ಸ್ಪಷ್ಟವಾಗಿ ಪಾಲಿಸಿಕೊಂಡು ಬಂದಿದೆ ಎಂಬುದು ಗಮನಾರ್ಹ. ಅಲ್ಲಿ ವೇಗದ ತಾತ್ಕಾಲಿಕ ಸಂಗ್ರಹ ಒಂದು. ಸಂಶೋಧನಾ ತಂಡದ ಸದಸ್ಯರೆಲ್ಲ ಹಂಚಿಕೊಳ್ಳುವ, ತಾನಾಗಿ ಅಳಿಸಲ್ಪಡದ, ಆದರೆ ಗಾತ್ರಕ್ಕೆ ಮಿತಿಯುಳ್ಳ ಸಂಗ್ರಹ ಮತ್ತೊಂದು. ಕಾಂತೀಯ ಟೇಪುಗಳಲ್ಲಿ ದೀರ್ಘಕಾಲ ಇಡುವ ಸಂಗ್ರಹ ಮೂರನೆಯದು. ಕಣ, ಕಣಜ, ಹಗೇವು ಎಂಬ ಮೂರು ಪದಗಳು ಈ ಮೂರಕ್ಕೂ ಸರಿಯಾಗಿ ಒಪ್ಪುತ್ತವೆ. ಟೇಪಿನಿಂದ ಕಡತವನ್ನು ತೆಗೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಗೇವನ್ನು ತೆರೆಯುವುದೂ ಹಾಗೆಯೇ ದಿನನಿತ್ಯದ ಕೆಲಸವಲ್ಲ.

ಈ ಭೇದ ಮಸುಕಾದಾಗ ಏನಾಗಬಹುದು ಎಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರಿನಲ್ಲಿ ನಡೆದ ಘಟನೆ ಸಾಕ್ಷಿಯಾಗಿದೆ. ಅಲ್ಲಿಯ ಸೂಪರ್‌ಕಂಪ್ಯೂಟರಿನ ದೊಡ್ಡ ಸಂಗ್ರಹದಿಂದ ಎರಡು ದಿನಗಳೊಳಗೆ ಸುಮಾರು 77 ಟೆರಾಬೈಟು ದತ್ತಾಂಶ, ಅಂದರೆ ಸುಮಾರು 3 ಕೋಟಿ 40 ಲಕ್ಷ ಕಡತಗಳು ಅಳಿಸಿಹೋದವು. 14 ಸಂಶೋಧನಾ ತಂಡಗಳು ಬಾಧೆಗೊಳಗಾದವು. ಅವುಗಳಲ್ಲಿ 4 ತಂಡಗಳ ದತ್ತಾಂಶವನ್ನು ಮರಳಿ ಪಡೆಯುವುದು ಸಾಧ್ಯವಾಗಲಿಲ್ಲ. ಇದಕ್ಕೆ ಕಾರಣವಾದದ್ದು ಹೊರಗಿನ ದಾಳಿಯಲ್ಲ, ಡಿಸ್ಕಿನ ವೈಫಲ್ಯವೂ ಅಲ್ಲ; ನಕಲು ತೆಗೆದಿಡುವ ಕಾರ್ಯಕ್ರಮವೇ. ಹಳೆಯ ದಾಖಲೆ ಕಡತಗಳನ್ನು ಅಳಿಸುವ ಭಾಗವೊಂದು ಅದರಲ್ಲಿತ್ತು. ಕಾರ್ಯಕ್ರಮ ಓಡುತ್ತಿರುವಾಗಲೇ ಅದರ ಹೊಸ ರೂಪವನ್ನು ಹಳೆಯದರ ಮೇಲೆ ಬರೆದುದರಿಂದ, ಯಾವ ಸ್ಥಳದಲ್ಲಿ ಅಳಿಸಬೇಕೆಂಬ ಸೂಚನೆ ಖಾಲಿಯಾಗಿ, ಅಳಿಸುವ ಆಜ್ಞೆ ಇಡೀ ಸಂಗ್ರಹಕ್ಕೆ ಅನ್ವಯವಾಯಿತು. ಯಂತ್ರವನ್ನು ಪೂರೈಸಿದ ಸಂಸ್ಥೆ ಪೂರ್ಣ ಹೊಣೆಯನ್ನು ಒಪ್ಪಿಕೊಂಡಿತು. ಹೊಣೆ ಒಪ್ಪಿಕೊಂಡದ್ದರಿಂದ ಆ ನಾಲ್ಕು ತಂಡಗಳ ಕಡತಗಳು ಮರಳಲಿಲ್ಲ. ತಂತ್ರದ ದೋಷವನ್ನು ಎಷ್ಟು ತಿದ್ದಿದರೂ ಒಂದು ಮಾತು ಉಳಿಯುತ್ತದೆ: ಆ ದತ್ತಾಂಶಕ್ಕೆ ಬೇರೊಂದು ಆಡಳಿತದಲ್ಲಿ, ಬೇರೊಂದು ಸ್ಥಳದಲ್ಲಿ ಪ್ರತಿಯಿರಲಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸೂಪರ್‌ಕಂಪ್ಯೂಟರಿನ ಫಲ ಲೆಕ್ಕದಿಂದ ಬಂದದ್ದು. ಕಳೆದರೆ ಮತ್ತೆ ಲೆಕ್ಕ ಮಾಡಬಹುದು ಎಂಬುದು ಮೊದಲನೆಯದು. ಇದು ಭಾಗಶಃ ನಿಜ. ಆದರೆ ಲೆಕ್ಕ ಮಾಡಿದ ಯಂತ್ರಕ್ಕೂ ಆಯುಷ್ಯವಿದೆ. ಜಾಗ್ವಾರ್ 2012ರಲ್ಲಿ ‘ಟೈಟನ್’ ಆಗಿ ರೂಪಾಂತರಗೊಂಡಿತು. ಟೈಟನ್ 2019ರಲ್ಲಿ, ಸಮಿಟ್ 2024ರಲ್ಲಿ ನಿಂತುಹೋದವು. ಸಾವಿರಾರು ಪ್ರೊಸೆಸರುಗಳು ದಶಮಾಂಶ ಸಂಖ್ಯೆಗಳನ್ನು ಕೂಡುವ ಅನುಕ್ರಮ ಬದಲಾದರೆ ಕೊನೆಯ ಅಂಕಿಗಳಲ್ಲಿ ವ್ಯತ್ಯಾಸ ಉಂಟಾಗುತ್ತದೆ. ಹವಾಮಾನದಂತಹ ವಿಷಯಗಳಲ್ಲಿ ಆ ಸಣ್ಣ ವ್ಯತ್ಯಾಸ ದಿನಗಳೆದಂತೆ ದೊಡ್ಡದಾಗುತ್ತದೆ. ಹೊಸ ಯಂತ್ರದಲ್ಲಿ ಹಳೆಯ ಕಾರ್ಯಕ್ರಮ ಅದೇ ಫಲವನ್ನು ಅಂಕಿಗೆ ಅಂಕಿಯಂತೆ ಕೊಡುತ್ತದೆಂಬ ಭರವಸೆ ಇಲ್ಲ. ಪ್ರಕಟವಾದ ತೀರ್ಮಾನವನ್ನು ಪರೀಕ್ಷಿಸಬಯಸುವವರಿಗೆ ಬೇಕಾದುದು ಅದನ್ನು ಹೋಲುವ ಫಲವಲ್ಲ, ಅದೇ ಫಲ.

ಎಲ್ಲವನ್ನೂ ಉಳಿಸುವುದು ಅಸಾಧ್ಯ, ಅದರ ವೆಚ್ಚ ಅಪಾರ ಎಂಬುದು ಎರಡನೆಯ ಆಕ್ಷೇಪ. ಇದನ್ನು ಒಪ್ಪಲೇಬೇಕು. ಕಣದಲ್ಲಿ ಬಿದ್ದ ಹೊಟ್ಟನ್ನೆಲ್ಲ ಹಗೇವಿಗೆ ತುಂಬುವವರಿಲ್ಲ. ಲೆಕ್ಕದ ನಡುವೆ ಯಂತ್ರ ನಿಂತರೆ ಮತ್ತೆ ಮುಂದುವರಿಸಲೆಂದು ಆಗಾಗ ಬರೆದಿಡುವ ಮಧ್ಯಂತರ ಕಡತಗಳು ಕೆಲಸ ಮುಗಿದ ಮೇಲೆ ಅಳಿಯಬೇಕಾದವೇ. ಆದುದರಿಂದ ಪ್ರಶ್ನೆ ಎಲ್ಲವನ್ನೂ ಉಳಿಸುವುದಲ್ಲ. ಯಾವುದನ್ನು ಉಳಿಸಬೇಕೆಂದು ನಿರ್ಣಯಿಸುವವರು ಯಾರು ಎಂಬುದು. 90 ದಿನಗಳ ನಿಯಮಕ್ಕೆ ಕಡತದ ಕೊನೆಯ ಬಳಕೆಯ ದಿನಾಂಕ ಮಾತ್ರ ಗೊತ್ತು. ಅದರೊಳಗಿನ ವಿಷಯದ ಬೆಲೆ ಗೊತ್ತಿಲ್ಲ. ಆ ಬೆಲೆ ಕಟ್ಟಬೇಕಾದವರು ಆಯಾ ಶಾಸ್ತ್ರದ ವಿದ್ವಾಂಸರು. ಅವರು ನಿರ್ಣಯಿಸದಿದ್ದರೆ ನಿಯಮವೇ ನಿರ್ಣಯಿಸುತ್ತದೆ.

ವಿದ್ವಾಂಸರು ನಿರ್ಣಯಿಸಿದ ಕಡೆ ದೊರೆತ ಫಲಕ್ಕೂ ನಿದರ್ಶನಗಳಿವೆ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೋಟೀನುಗಳ ರಚನೆಗಳನ್ನು ದಾಖಲಿಸುವ ಸಾರ್ವಜನಿಕ ಕೋಶ ಬೆರಳೆಣಿಕೆಯಷ್ಟು ರಚನೆಗಳಿಂದ ಆರಂಭವಾಯಿತು. ಅವು ಪ್ರಯೋಗದಿಂದ ಬಂದ ದತ್ತಾಂಶಗಳು, ಯಂತ್ರದ ಲೆಕ್ಕವಲ್ಲ. ಆದರೆ ಕಾಪಿಡುವಿಕೆಯ ನೀತಿ ಎರಡಕ್ಕೂ ಒಂದೇ. ಇಂದು ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಪ್ರೋಟೀನಿನ ರಚನೆಯನ್ನು ಊಹಿಸುವ ‘ಆಲ್ಫಾಫೋಲ್ಡ್’ ಕಾರ್ಯಕ್ರಮ ಕಲಿತದ್ದು ಈ ಕೋಶದಿಂದ. ಅದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. 1971ರಲ್ಲಿ ಆ ಕೋಶವನ್ನು ತೆರೆದವರ ಮುಂದೆ ಈ ಉಪಯೋಗ ಇರಲಿಲ್ಲ. ಕಾಪಿಟ್ಟದ್ದರ ಪ್ರಯೋಜನ ಕಾಪಿಟ್ಟವರ ಊಹೆಯನ್ನು ಮೀರಿದ್ದು ಎಂಬುದೇ ಇಲ್ಲಿಯ ಪಾಠ.

ವಾಯುಗುಣ ವಿಜ್ಞಾನಿಗಳು ಸೂಪರ್‌ಕಂಪ್ಯೂಟರಿನ ಲೆಕ್ಕಕ್ಕೇ ಈ ನೀತಿಯನ್ನು ಅನ್ವಯಿಸಿದ್ದಾರೆ. ಜಗತ್ತಿನ ಬೇರೆ ಬೇರೆ ಕೇಂದ್ರಗಳು ತಮ್ಮ ತಮ್ಮ ಯಂತ್ರಗಳಲ್ಲಿ ಮಾಡಿದ ವಾಯುಗುಣದ ಲೆಕ್ಕಗಳನ್ನು ಒಂದೇ ಮಾದರಿಯ ಹೆಸರು, ಮಾನ, ವಿವರಗಳೊಡನೆ ದಾಖಲಿಸುತ್ತವೆ. ದತ್ತಾಂಶ ಆಯಾ ಕೇಂದ್ರಗಳಲ್ಲಿಯೇ ಇದ್ದರೂ ಒಂದೇ ಒಕ್ಕೂಟದ ಮೂಲಕ ಎಲ್ಲರಿಗೂ ದೊರೆಯುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಮಾದರಿಯ ಲೆಕ್ಕಗಳೂ ಈ ಸರಣಿಯ ಆರನೆಯ ಸುತ್ತಿನಲ್ಲಿ ಸೇರಿವೆ. 2021ರಲ್ಲಿ ಪ್ರಕಟವಾದ ಅಂತರ್‌ಸರ್ಕಾರಿ ಸಮಿತಿಯ ಆರನೆಯ ವರದಿಯ ಮೊದಲ ಸಂಪುಟ ಈ ಸುತ್ತಿನ ದತ್ತಾಂಶವನ್ನು ಆಧರಿಸಿತು. ಇಲ್ಲಿ ಹಂಚಿಕೆ ಯಂತ್ರಗಳ ಒಪ್ಪಂದವಾಗಿ ನಿಂತಿಲ್ಲ, ವಿದ್ವತ್ಸಮುದಾಯದ ಒಪ್ಪಂದವಾಗಿದೆ.

ಭಾರತದಲ್ಲಿ 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನ ಹಲವು ವಿದ್ಯಾಸಂಸ್ಥೆಗಳಲ್ಲಿ ಯಂತ್ರಗಳನ್ನು ಸ್ಥಾಪಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಅವುಗಳಲ್ಲಿ ಒಂದು. ಹೆಸರಿನಲ್ಲಿಯೇ ವೇಗವಿದೆ. ಇಂತಹ ಯಂತ್ರಗಳು ಹೆಚ್ಚಿದಂತೆ ಅವುಗಳ ಫಲವನ್ನು ಹಂಚಿಕೊಳ್ಳುವ, ಕಾಪಿಡುವ ಏರ್ಪಾಡಿಗೂ ಅಷ್ಟೇ ಸ್ಪಷ್ಟವಾದ ಯೋಜನೆ ಮತ್ತು ಅನುದಾನ ಬೇಕು. ಯಂತ್ರಕ್ಕೆ ಉದ್ಘಾಟನೆಯಿದೆ, ಸಂಗ್ರಹಕ್ಕೆ ನಿರ್ವಹಣೆಯಿದೆ. ಅನುದಾನ ಸಾಮಾನ್ಯವಾಗಿ ಮೊದಲನೆಯದರ ಕಡೆಗೆ ಒಲಿಯುತ್ತದೆ.

ಈ ವಿಷಯದಲ್ಲಿ ಕರ್ನಾಟಕದ ಶಾಸನಗಳು ಪರಿಚಯಿಸುವ ವ್ಯವಸ್ಥೆಯೊಂದನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಕೆರೆಯನ್ನು ಕಟ್ಟಿಸಿದ ಶಾಸನಗಳು ಕಟ್ಟಿಸಿದವನ ಹೆಸರನ್ನು ಹೇಳಿ ಸುಮ್ಮನಾಗುವುದಿಲ್ಲ. ಕೆರೆಗಾಗಿ ಬಿಟ್ಟ ಬಿತ್ತುವಟ್ಟದ ಭೂಮಿ, ಅದರ ಎಲ್ಲೆ, ಧರ್ಮವನ್ನು ಪಾಲಿಸಬೇಕಾದವರು, ಅಳಿದವರಿಗೆ ತಗಲುವ ಪಾಪ ಇವೆಲ್ಲ ಶಾಸನಗಳಲ್ಲಿ ದಾಖಲಾಗಿವೆ. ಕಟ್ಟುವುದು ಒಂದು ಕಾರ್ಯ, ಪಾಲಿಸುವುದು ಇನ್ನೊಂದು ಕಾರ್ಯ, ಎರಡನೆಯದಕ್ಕೂ ಪ್ರತ್ಯೇಕ ಆದಾಯ ಮತ್ತು ಪ್ರತ್ಯೇಕ ಹೊಣೆಗಾರರು ಬೇಕು ಎಂಬ ತಿಳಿವಳಿಕೆ ಅಲ್ಲಿದೆ. ಸೂಪರ್‌ಕಂಪ್ಯೂಟರುಗಳ ದತ್ತಾಂಶಕ್ಕೂ ಬೇಕಾದುದು ಇದೇ: ಕಾಪಿಡುವ ಕಾರ್ಯಕ್ಕೆಂದೇ ಮೀಸಲಾದ ಹಣ, ಹೆಸರಿಸಲಾದ ಪಾಲಕರು, ಮತ್ತು ಬೇರೊಂದು ಆಡಳಿತದ ವಶದಲ್ಲಿ ಒಂದು ಪ್ರತಿ.

ಕನ್ನಡ ಅಧ್ಯಯನಕ್ಕೂ ಈ ವಿವೇಚನೆ ಹೊರಗಿನದಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ರೂಪಿಸಿದ ಪಠ್ಯಕೋಶಗಳು, ವಿಶ್ವವಿದ್ಯಾಲಯಗಳ ಹಸ್ತಪ್ರತಿಗಳ ಛಾಯಾಪ್ರತಿಗಳು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳು ಇಂದು ಕಡತಗಳಾಗಿವೆ. ಕನ್ನಡವನ್ನು ಯಂತ್ರಕ್ಕೆ ಕಲಿಸುವ ಕೆಲಸಗಳು ದೊಡ್ಡ ಗಣಕಗಳಲ್ಲಿ ನಡೆಯುತ್ತಿದ್ದು, ಇಂತಹ ಕಡತಗಳನ್ನೇ ಬೇಡುತ್ತವೆ. ಅವುಗಳನ್ನು ಒಂದು ಯೋಜನೆಯ ಸರ್ವರಿಗೆ ಏರಿಸಿದಾಕ್ಷಣ ಉಳಿಸಿದಂತಾಯಿತೆಂದು ತಿಳಿಯುವುದು ಕಣವನ್ನು ಹಗೇವೆಂದು ತಿಳಿದಂತೆ. ಯೋಜನೆಯ ಪ್ರಸ್ತಾವನೆ ಬರೆಯುವಾಗಲೇ ಯಾವುದು ಕೆಲಸದ ಸ್ಥಳ, ಯಾವುದು ಬಳಕೆಯ ಸಂಗ್ರಹ, ಯಾವುದು ಕಾಪಿಡುವ ನಿಧಿ, ಮೂರನೆಯದರ ಹೊಣೆ ಯಾರದು ಎಂದು ಸ್ಪಷ್ಟವಾಗಿ ಬರೆಯುವ ಪದ್ಧತಿ ಬೆಳೆಯಬೇಕು. ಅದಕ್ಕೆ ಬೇಕಾದ ಮೂರು ಪದಗಳು ಕನ್ನಡದಲ್ಲಿ ಆಗಲೇ ಇವೆ. ಅವುಗಳನ್ನು ಅವುಗಳ ಅರ್ಥದಲ್ಲಿಯೇ ಬಳಸುವುದು ಪರಿಭಾಷಾ ನಿರ್ಮಾಪಕರ ಕೆಲಸ. ಮೂರನೆಯದಕ್ಕೆ ಹಣವನ್ನೂ ಪಾಲಕರನ್ನೂ ಒದಗಿಸುವುದು ವಿಶ್ವವಿದ್ಯಾಲಯಗಳ ಕೆಲಸ.